ಹದಿನೇಳು ಹುರಿಯಾಳುಗಳ ಪ್ರೈಮರಿ: ಸಂಪಾದಕರ ಉತ್ತರ

ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ನೆಲೆಸಿರುವ ದಾವಣಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರ ಪತ್ರಿಕೆ ಬಿಡಿಸಿದರೆ ಒಂದೋ ಕ್ಷೇತ್ರಗಳ ನಕ್ಷೆಯ ಮೇಲಿನ ಕೋರ್ಟು ಜಗಳ, ಇಲ್ಲವೇ ಪ್ರೈಮರಿ (ಪಕ್ಷದ ಹುರಿಯಾಳು ಯಾರೆಂದು ಮತದಾರರೇ ಆರಿಸುವ ಮೊದಲ ಸುತ್ತಿನ ಚುನಾವಣೆ) ಸುದ್ದಿ. ಪ್ರೈಮರಿಗೆ ಹೋಗುವವರೇ ಕಡಿಮೆ. ಗೆದ್ದವರು ಯಾರೆಂದು ನವೆಂಬರಿನ ಮುಖ್ಯ ಚುನಾವಣೆಯಲ್ಲಿ ತಿಳಿದರೆ ಸಾಲದೇ? ನಾನಂತೂ ಯಾವ ಪಕ್ಷಕ್ಕೂ ಹೆಸರು ಬರೆಸಿಲ್ಲ, ಅದು ನನಗೆ ಸೇರಿದ್ದಲ್ಲ. ಕಳೆದ ಸಂಚಿಕೆಯಲ್ಲಿ ನೀವೂ ಅದೇ ರಾಗ ಎಳೆದಿದ್ದೀರಿ."

ರಾಗ ಎಳೆದದ್ದು ಹೌದು ಸ್ವಾಮಿ. ಆದರೆ ನವೆಂಬರಿನ ಮಾತು ಒಪ್ಪಲಾರೆ. ನಿಮ್ಮದೇ ರಾಜ್ಯದ 2016ರ ಕತೆ ಕೇಳಿ.

ಆ ವರ್ಷ ಫೆಬ್ರುವರಿಯಲ್ಲಿ ಫೆಡರಲ್ ನ್ಯಾಯಾಲಯವು 1 ಮತ್ತು 12ನೇ ಕ್ಷೇತ್ರಗಳ ಗಡಿಯನ್ನು ಜನಾಂಗ ನೋಡಿ ಎಳೆಯಲಾಗಿದೆ ಎಂದು ತಳ್ಳಿಹಾಕಿತು. ಪ್ರೈಮರಿ ಇದ್ದದ್ದು ಮಾರ್ಚ್ 15ಕ್ಕೆ. ಮತಪತ್ರ ಅಚ್ಚಾಗಿತ್ತು, ಅಂಚೆಯವು ಮತದಾರರಿಗೆ ಹೊರಟೂ ಆಗಿತ್ತು. ಶಾಸಕರು ಎರಡೇ ವಾರದಲ್ಲಿ ಹೊಸ ನಕ್ಷೆ ಬರೆದು, ಕಾಂಗ್ರೆಸ್ (ಅಲ್ಲಿನ ಸಂಸತ್ತು, ನಮ್ಮ ಪಕ್ಷವಲ್ಲ) ಸ್ಥಾನಗಳ ಪ್ರೈಮರಿಯನ್ನಷ್ಟೇ ಜೂನ್ 7ಕ್ಕೆ ದೂಡಿದರು. ಹೀಗಾಗಿ ಮಾರ್ಚ್ 15ರಂದು ಮತಗಟ್ಟೆಗೆ ಹೋದವರ ಕೈಗೆ ಹಳೇ ಕ್ಷೇತ್ರದ ಹೆಸರುಗಳಿದ್ದ ಹಾಳೆಯೇ ಬಂತು. ಗುರುತು ಹಾಕಿದರೂ ಆ ಮತ ಲೆಕ್ಕಕ್ಕಿಲ್ಲ; ಜೂನಿನಲ್ಲಿ ಮತ್ತೆ ಬರಬೇಕು. ಇದನ್ನು ಜನರಿಗೆ ಹೇಳುವವರು ಯಾರು? ರಾಷ್ಟ್ರಮಟ್ಟದ ಟಿವಿಗೆ ಆಗ ಅಧ್ಯಕ್ಷ ಚುನಾವಣೆಯದೇ ಹಬ್ಬ.

ಹೊಸ ಗೆರೆ ಗ್ರೀನ್ಸ್‌ಬರೊ ಊರೊಳಗೆ ಎಲ್ಲಿ ಹಾಯಿತು ಗೊತ್ತೇ? ಕಪ್ಪು ಜನರಿಗಾಗಿ ಹುಟ್ಟಿದ ಎ ಅಂಡ್ ಟಿ ವಿಶ್ವವಿದ್ಯಾಲಯದ ಆವರಣವನ್ನು ಲಾರೆಲ್ ಸ್ಟ್ರೀಟ್ ಗುಂಟ ಸೀಳಿಕೊಂಡು. ರಸ್ತೆಯ ಆಚೆ ಹಾಸ್ಟೆಲಿನ ಹುಡುಗ 6ನೇ ಕ್ಷೇತ್ರ, ಈಚೆಯವನು 13ನೇ ಕ್ಷೇತ್ರ ಎಂಬಂಥ ಸ್ಥಿತಿ. ಆ 13ರಲ್ಲಿ ಜೂನ್ 7ಕ್ಕೆ ರಿಪಬ್ಲಿಕನ್ ಟಿಕೆಟ್ಟಿಗೆ ಹದಿನೇಳು ಮಂದಿ ನಿಂತರು. ಎರಡನೇ ಸುತ್ತನ್ನು ಆ ಬಾರಿ ಕೈಬಿಟ್ಟಿದ್ದರು, ಮೊದಲು ಬಂದವನೇ ಗೆದ್ದವನು. ಬಂದೂಕಿನ ಅಂಗಡಿ ನಡೆಸುತ್ತಿದ್ದ, ಅಲ್ಲಿಯವರೆಗೆ ಯಾವ ಚುನಾವಣೆಗೂ ನಿಲ್ಲದ ಟೆಡ್ ಬಡ್ ನೂರಕ್ಕೆ 20ರಷ್ಟು, ಅಂದರೆ ಆರು ಸಾವಿರ ಚಿಲ್ಲರೆ ಮತ ಪಡೆದು ಟಿಕೆಟ್ ಗೆದ್ದರು. ಕ್ಷೇತ್ರ ಆ ಪಕ್ಷದ ಕಡೆಗೇ ವಾಲಿದ್ದರಿಂದ ನವೆಂಬರ್ ಕಷ್ಟವಾಗಲಿಲ್ಲ. 2022ರಲ್ಲಿ ಅವರು ಸೆನೆಟಿಗೂ ಆಯ್ಕೆಯಾದರು. ಅವರು ಯೋಗ್ಯರೋ ಅಲ್ಲವೋ ನನ್ನ ಪ್ರಶ್ನೆಯಲ್ಲ. ಆ ಹದಿನೇಳು ಜನ ಯಾರು, ಏನು ಎಂದು ಬಿಡಿಸಿ ಬರೆಯಲು ಊರ ಪತ್ರಿಕೆ ಬಿಟ್ಟರೆ ಯಾರಿಗೆ ಪುರುಸೊತ್ತಿತ್ತು?

ನಕ್ಷೆ ಬರೆದವರೇನೂ ಮುಚ್ಚಿಟ್ಟಿರಲಿಲ್ಲ. ರಿಪಬ್ಲಿಕನ್ನರಿಗೆ 10, ಡೆಮಾಕ್ರಟರಿಗೆ 3 ಬರುವಂತೆ ಬರೆಯೋಣ, 11-2 ಮಾಡಲು ಆಗುತ್ತದೆಂದು ತೋರುತ್ತಿಲ್ಲ ಎಂದು ಶಾಸಕರೊಬ್ಬರು ಸಮಿತಿಯಲ್ಲೇ ಹೇಳಿದ್ದರು. ಪಕ್ಷಲಾಭಕ್ಕೆ ಎಳೆದ ಗೆರೆಯ ತಂಟೆಗೆ ಫೆಡರಲ್ ಕೋರ್ಟುಗಳು ಬರುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಕೈತೊಳೆದುಕೊಂಡಿತು. ನಮ್ಮಲ್ಲಿ ಈ ಕೆಲಸಕ್ಕೆ ಕ್ಷೇತ್ರ ಪುನರ್ವಿಂಗಡಣಾ ಆಯೋಗವಿದೆ. ನಿಮ್ಮಲ್ಲಿ ಶಾಸಕರದೇ ಪೆನ್ಸಿಲ್, ಅವರು ಬರೆದ ನಕ್ಷೆಗೆ ರಾಜ್ಯಪಾಲರ ವೀಟೋ ಕೂಡ ಇಲ್ಲ.

ಈ ಆಟಕ್ಕೆ 'ಜೆರಿಮ್ಯಾಂಡರ್' ಎಂಬ ಹೆಸರು ಬಂದದ್ದೂ ಪತ್ರಿಕೆಯಿಂದಲೇ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯಪಾಲ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರಕ್ಕೆ ಬಾಸ್ಟನ್ ಗೆಜೆಟ್ ರೆಕ್ಕೆ, ಉಗುರು ಬರೆದು ವ್ಯಂಗ್ಯಚಿತ್ರ ಛಾಪಿಸಿತು; ಗೆರಿಯ ಹೆಸರಿಗೆ ಹಲ್ಲಿಯಂಥ 'ಸಲಮ್ಯಾಂಡರ್' ಪ್ರಾಣಿಯ ಬಾಲ ಅಂಟಿಸಿತು. ಪತ್ರಿಕೆ ಎದುರು ಪಕ್ಷದ್ದು, ಸಾಚಾ ಏನಲ್ಲ. ಗೆರೆ ಎಳೆಸಿದವನ ಹೆಸರು ಗೆರಿ ಎಂದು ನಾವು ಕನ್ನಡದವರು ಮಾತ್ರ ನಗಬಹುದು.

ನಿಮ್ಮ ದೂರಿನಲ್ಲಿ ಒಂದಕ್ಕೆ ತಲೆಬಾಗುತ್ತೇನೆ. ರಿಪಬ್ಲಿಕನ್ನರಿಗೆಷ್ಟು, ಡೆಮಾಕ್ರಟರಿಗೆಷ್ಟು ಸ್ಥಾನವೆಂದು 2022ರಲ್ಲಿ 7-7, 2024ರಲ್ಲಿ 10-4 ಎಂದು ನಮ್ಮ ಬರಹ ಕ್ರಿಕೆಟ್ ಸ್ಕೋರಿನಂತೆ ಒಪ್ಪಿಸಿತೇ ಹೊರತು ಒಂದು ಬೀದಿಯ ಹೆಸರನ್ನೂ ಹೇಳಲಿಲ್ಲ. ಲಾರೆಲ್ ಸ್ಟ್ರೀಟಿನ ಸಂಗತಿ ಅಲ್ಲೇ ಬರಬೇಕಿತ್ತು.

ಕೊನೆಗೆ, ಪ್ರೈಮರಿ ನಿಮಗೆ ಸೇರಿದ್ದಲ್ಲ ಎಂದಿರಲ್ಲ, ನಿಮ್ಮ ರಾಜ್ಯದಲ್ಲಿ ಹಾಗಿಲ್ಲ. ಪಕ್ಷ ಬರೆಸದವರು ಎರಡರಲ್ಲಿ ಒಂದು ದೊಡ್ಡ ಪಕ್ಷದ ಮತಪತ್ರ ಬೇಕೆಂದು ಮತಗಟ್ಟೆಯಲ್ಲಿ ಕೇಳಬಹುದು. ಕೇಳಿದರೆ ಕೊಡುತ್ತಾರೆ.

— ಸಂ.