ಕನ್ನಡಿಯಲ್ಲಿ ಕಾಣುವ ಕ್ಯೂಆರ್ ಕೋಡ್ ಓದುತ್ತಿಲ್ಲ, ಯಾವ ಎಸ್‌ಡಿಕೆ ಕೊಳ್ಳಲಿ?

ಕನ್ವೇಯರ್ ಬೆಲ್ಟಿನ ಮೇಲೆ ಒಂದೇ ಕ್ಯಾಮೆರಾ, ಎರಡು ಪಕ್ಕಕ್ಕೆ ಕನ್ನಡಿ. ನೇರ ನೋಟದಲ್ಲಿ ಕ್ಯೂಆರ್ ಓದುತ್ತದೆ, ಕನ್ನಡಿಯಲ್ಲಿ ಕಂಡದ್ದು ಓದುವುದಿಲ್ಲ, ಚಿತ್ರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿದರೂ ಇಲ್ಲ ಅಂದಿದ್ದೀರಿ. ಯಾವ ಎಸ್‌ಡಿಕೆಯನ್ನೂ (ಕೋಡ್ ಓದಲು ಕೊಳ್ಳುವ ಸಿದ್ಧ ಸಾಫ್ಟ್‌ವೇರ್ ಕಟ್ಟು) ಕೊಳ್ಳಬೇಡಿ. ನಾನೂ ಇಲ್ಲೇ ಸಿಕ್ಕಿಬಿದ್ದವನು.

ನೆಲಮಂಗಲದ ಹತ್ತಿರ ಒಂದು ಗೋದಾಮು. ಕನ್ವೇಯರ್ ಮೇಲೆ ಡಬ್ಬಗಳು ಬರುತ್ತವೆ, ಲೇಬಲ್ ಯಾವ ಪಕ್ಕಕ್ಕೆ ಬೇಕಾದರೂ ಇರಬಹುದು. ಪಕ್ಕಕ್ಕೊಂದು ಕ್ಯಾಮೆರಾ ಅಂದರೆ ಮಾಲೀಕರು ಒಪ್ಪಲಿಲ್ಲ. ಸರಿ, ಮೇಲೊಂದು ಕ್ಯಾಮೆರಾ, ಎಡಬಲಕ್ಕೆ ಓರೆಯಾಗಿ ಕನ್ನಡಿ, ಒಂದೇ ಫ್ರೇಮಿನಲ್ಲಿ ಮೂರು ನೋಟ. ಪರೀಕ್ಷೆಗೆ ಕೈಗೆ ಸಿಕ್ಕಿದ ಸೋಪು, ಬಿಸ್ಕತ್ತು, ಟೀ ಪುಡಿ ಪ್ಯಾಕೆಟ್‌ಗಳನ್ನೇ ಬಿಟ್ಟೆ. ಎಲ್ಲವೂ ಗೆರೆಯ ಬಾರ್‌ಕೋಡ್. ಎಡ, ಬಲ, ನೇರ, ಎಲ್ಲ ಕಡೆಯಿಂದಲೂ ಪಟಪಟ ಓದಿತು. ಕನ್ನಡಿಯಿಂದ ಏನೂ ತೊಂದರೆ ಇಲ್ಲ ಅಂತ ನಾನೇ ಬರೆದು ಕೊಟ್ಟೆ.

ಆ ಒಂದು ಮಾತು ನನಗೆ ದುಬಾರಿಯಾಯಿತು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ನಂಬಿಕೊಂಡಿರುವ ಹಾಗಿದೆ.

ಗೆರೆಯ ಬಾರ್‌ಕೋಡ್‌ನಲ್ಲಿ ಮಾಹಿತಿ ಇರುವುದು ಒಂದೇ ದಿಕ್ಕಿನಲ್ಲಿ. ಅದನ್ನು ಕನ್ನಡಿಯಲ್ಲಿ ನೋಡುವುದೂ ಒಂದೇ, ತಲೆಕೆಳಗು ಹಿಡಿಯುವುದೂ ಒಂದೇ. ಎರಡರಲ್ಲೂ ಗೆರೆಗಳು ಬಲದಿಂದ ಎಡಕ್ಕೆ ಬರುತ್ತವೆ, ಅಷ್ಟೇ. ಅಂಗಡಿ ಸರಕಿನ ಮೇಲಿರುವ 13 ಅಂಕೆಯ ಗೆರೆ ಕೋಡ್, ಅಂದರೆ ಇಎಎನ್-13ರಲ್ಲಿ ಅದಕ್ಕೆ ಮೊದಲೇ ವ್ಯವಸ್ಥೆ ಇದೆ. ಒಂದೊಂದು ಅಂಕೆಗೂ ಕಪ್ಪು-ಬಿಳುಪಿನ 7 ಮನೆ. ಎಡಭಾಗದ ಮೊದಲ ಅಂಕೆಯಲ್ಲಿ ಕಪ್ಪು ಮನೆಗಳ ಲೆಕ್ಕ ಯಾವಾಗಲೂ ಬೆಸ, ಬಲಭಾಗದ 6 ಅಂಕೆಗಳಲ್ಲೂ ಸಮ. ಸಮ ಇರುವ ಕಡೆಯಿಂದ ಓದಲು ಶುರುವಾದರೆ ತಾನು ಹಿಂದಿನಿಂದ ಓದುತ್ತಿದ್ದೇನೆ ಅಂತ ಡಿಕೋಡರ್‌ಗೆ (ಕೋಡ್ ಬಿಡಿಸಿ ಓದುವ ಸಾಫ್ಟ್‌ವೇರ್) ಗೊತ್ತಾಗುತ್ತದೆ, ತಿರುವಿ ಹಾಕಿಕೊಳ್ಳುತ್ತದೆ. ಅಂದರೆ ನನ್ನ ಪರೀಕ್ಷೆ ಕನ್ನಡಿಯನ್ನು ಪರೀಕ್ಷೆ ಮಾಡಲೇ ಇಲ್ಲ!

ಕೆಲವು ತಿಂಗಳಾದ ಮೇಲೆ ಗೋದಾಮಿನವರು ಲೇಬಲ್ ಬದಲಾಯಿಸಿ ಕ್ಯೂಆರ್ ಹಾಕಿದರು. ಪಕ್ಕದಲ್ಲಿ ಲೇಬಲ್ ಇರುವ ಡಬ್ಬಗಳೆಲ್ಲ ರಿಜೆಕ್ಟ್ ಸಾಲಿಗೆ ಹೋಗತೊಡಗಿದವು. ರಾತ್ರಿ ಪಾಳಿಯ ಹುಡುಗರು ಕೈ ಸ್ಕ್ಯಾನರ್ ಹಿಡಿದು ಕೂತು ಒಂದೊಂದನ್ನೇ ಓದಿಸಿದರು. ನನ್ನ ಬಾಕಿ ಬಿಲ್ ಅಲ್ಲೇ ನಿಂತಿತು.

ಪರದೆ ಮೇಲೆ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕನ್ನಡಿ ನೋಟದಲ್ಲಿ ಕ್ಯೂಆರ್ ಸುತ್ತ ಹಸಿರು ಚೌಕ ಸರಿಯಾಗಿ ಬಂದು ಕೂರುತ್ತಿತ್ತು, ಒಳಗಿನ ಅಕ್ಷರ ಮಾತ್ರ ಖಾಲಿ. ಕೋಡ್ ಸಿಕ್ಕಿದೆಯಲ್ಲ, ಹಾಗಾದರೆ ಬೆಳಕಿನ ತೊಂದರೆ ಅಂದುಕೊಂಡು ಸುಮ್ನೆ ಲೈಟ್ ಬದಲಾಯಿಸುತ್ತಾ ಕೂತೆ. ನಿಜ ಏನೆಂದರೆ, ಮೂಲೆಯ ಮೂರು ಚೌಕಗಳು ಕನ್ನಡಿಯಲ್ಲೂ ಹಾಗೇ ಕಾಣುತ್ತವೆ, ಅದಕ್ಕೇ ಕೋಡ್ ಸಿಗುತ್ತದೆ. ಜಪಾನಿನ ಡೆನ್ಸೊ ವೇವ್ ಕಂಪನಿಯವರು 1994ರಲ್ಲಿ ಕ್ಯೂಆರ್ ತಂದಾಗ ಯಾವ ಕಡೆ ತಿರುಗಿದ್ದರೂ ಬೇಗ ಸಿಗಲಿ ಅಂತಲೇ ಆ ಚೌಕಗಳನ್ನು ಇಟ್ಟಿದ್ದು. ಆದರೆ ಆ ಚೌಕಗಳನ್ನು ಅವುಗಳ ಜಾಗಕ್ಕೆ ಹೊಂದಿಸಿ ಓದಿದಾಗ, ಕನ್ನಡಿಯ ಕೋಡ್‌ನಲ್ಲಿ ಅಡ್ಡಸಾಲುಗಳೆಲ್ಲ ಕಂಬಸಾಲುಗಳಾಗಿಬಿಡುತ್ತವೆ. ಚೌಕದ ಪಕ್ಕ 15 ಬಿಟ್‌ಗಳಲ್ಲಿ ಯಾವ ಮಾಸ್ಕ್ (ಕಪ್ಪು-ಬಿಳುಪು ಮನೆಗಳನ್ನು ಅದಲುಬದಲು ಮಾಡಿದ ಮಾದರಿ), ಎಷ್ಟು ದೋಷ ತಿದ್ದುವ ಶಕ್ತಿ ಅಂತ ಬರೆದಿರುತ್ತದೆ, ಅದೂ ಹಿಂದುಮುಂದಾಗುತ್ತದೆ. ಅಲ್ಲಿಗೆ ಮುಗಿಯಿತು.

ತಿರುಗಿಸಿದರೆ ಇದು ಯಾವತ್ತೂ ಸರಿಹೋಗುವುದಿಲ್ಲ. ಎಡಗಾಲಿನ ಚಪ್ಪಲಿಯನ್ನು ಎಷ್ಟು ತಿರುಗಿಸಿದರೂ ಬಲಗಾಲಿನದ್ದಾಗುತ್ತದಾ? ಫ್ಲಿಪ್ ಮಾಡಬೇಕು, ಅಂದರೆ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಬೇಕು, ಅದೂ ಒಂದೇ ಸಲ. ಅಡ್ಡಕ್ಕಾದರೂ ಸರಿ, ಉದ್ದಕ್ಕಾದರೂ ಸರಿ. ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಲೈಬ್ರರಿಯ ಫ್ಲಿಪ್‌ಗೆ -1 ಕೊಟ್ಟರೆ ಎರಡೂ ಕಡೆ ಫ್ಲಿಪ್ ಆಗುತ್ತದೆ, ಅದು 180 ಡಿಗ್ರಿ ತಿರುಗಿಸಿದ್ದಕ್ಕೆ ಸಮ. ನಿಮ್ಮ ಪ್ರೋಗ್ರಾಂನಲ್ಲಿ ಮೊದಲು ಅದನ್ನೇ ನೋಡಿ.

ಪ್ರತಿ ಫ್ರೇಮನ್ನೂ ಎರಡೂ ಥರ ಓದಿಸುವ ಗೋಜಿಗೂ ಹೋಗಬೇಡಿ. ಝೆಡ್‌ಎಕ್ಸಿಂಗ್‌ನಂಥ ಕೋಡ್ ಓದುವ ಲೈಬ್ರರಿ ನೇರವಾಗಿ ಓದಲು ಸೋತ ಮೇಲೆ ತಾನೇ ಕನ್ನಡಿ ರೂಪವನ್ನೂ ನೋಡುತ್ತದೆ, ಮೊಬೈಲ್ ಆ್ಯಪ್‌ಗೆ ಅದು ಚೆನ್ನಾಗಿದೆ. ಓಡುವ ಬೆಲ್ಟಿಗೆ ಅದು ಬೇಕಿಲ್ಲ. ನಟ್ಟು ಬೋಲ್ಟು ಬಿಗಿದ ದಿನವೇ ಯಾವ ನೋಟ ಕನ್ನಡಿಯದ್ದು ಅಂತ ನಿಮಗೆ ಗೊತ್ತಿರುತ್ತದೆ, ಅಲ್ವಾ? ಗೊತ್ತಿರುವುದನ್ನು ಸಾಫ್ಟ್‌ವೇರ್ ಊಹೆ ಮಾಡುತ್ತಾ ಕೂರುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಭಾಗವನ್ನು ಮಾತ್ರ ಕತ್ತರಿಸಿ, ಫ್ಲಿಪ್ ಮಾಡಿ, ಡಿಕೋಡರ್‌ಗೆ ಕೊಡಿ. ಬೆಳಕು ಒಂದು ಕನ್ನಡಿಗೆ ಬಡಿದು ಬಂದರೆ ಫ್ಲಿಪ್ ಬೇಕು, ಎರಡಕ್ಕೆ ಬಡಿದು ಬಂದರೆ ಬೇಡ. ಅನುಮಾನ ಇದ್ದರೆ ಡಬ್ಬದ ಮೇಲೆ ದಪ್ಪಗೆ ಒಂದು "ನ" ಬರೆದು ಫೋಟೋ ತೆಗೆಯಿರಿ. "ಠ" ಬರೆಯಬೇಡಿ, ಅದು ಕನ್ನಡಿಯಲ್ಲೂ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ.

ಕನ್ನಡಿ ಯಾವುದು ಹಾಕಿದ್ದೀರಿ ಅಂತ ಹೇಳಿಲ್ಲ. ಮನೆಯಲ್ಲಿ ಮುಖ ನೋಡುವ ಕನ್ನಡಿಯಾದರೆ ತೆಗೆಯಿರಿ. ಅದರ ಲೇಪ ಗಾಜಿನ ಹಿಂದೆ ಇರುತ್ತದೆ, ಗಾಜಿನ ಮುಂಭಾಗವೂ ಸ್ವಲ್ಪ ಪ್ರತಿಫಲಿಸುತ್ತದೆ, ಹಾಗಾಗಿ ಒಂದೊಂದು ಕಪ್ಪು ಗೆರೆಯ ಪಕ್ಕ ಮಸುಕಾದ ಇನ್ನೊಂದು ಗೆರೆ ಬೀಳುತ್ತದೆ. ಲೇಪ ಮುಂದೆಯೇ ಇರುವ ಕನ್ನಡಿ ಬೇಕು. ಅದನ್ನು ಬಟ್ಟೆಯಿಂದ ಉಜ್ಜಬಾರದು, ಗೀರು ಬೀಳುತ್ತದೆ. ಕನ್ನಡಿಯ ನೋಟಕ್ಕೆ ದಾರಿಯೂ ಜಾಸ್ತಿ, ಕೋಡ್ ಚಿಕ್ಕದಾಗಿ ಕಾಣುತ್ತದೆ, ಫೋಕಸ್ ಎರಡಕ್ಕೂ ಹೊಂದುವ ಹಾಗೆ ಇಡಿ.

ಇನ್ನೊಂದು. ದೊಡ್ಡ ರಟ್ಟಿನ ಡಬ್ಬಗಳ ಮೇಲಿನ ಐಟಿಎಫ್-14 ಕೋಡ್ (14 ಅಂಕೆಯ ಗೆರೆಯ ಬಾರ್‌ಕೋಡ್) ಎರಡು ನೋಟಗಳ ಅಂಚಿನಲ್ಲಿ ತುಂಡಾದರೆ ಉಳಿದ ತುಂಡೇ ಚಿಕ್ಕ ಸಂಖ್ಯೆಯಾಗಿ ಓದಿಬಿಡಬಹುದು. 14 ಅಂಕೆ ಇಲ್ಲದ್ದನ್ನು, ಕೊನೆಯ ತಾಳೆ ಅಂಕೆ ಹೊಂದದ್ದನ್ನು ಬಿಸಾಡಿ. ಒಂದೇ ಡಬ್ಬ ಎರಡು ನೋಟದಲ್ಲಿ ಓದಿ ಎರಡು ಲೆಕ್ಕ ಆಗದಿರಲು ಡಬ್ಬ ಬಂದದ್ದನ್ನು ಗುರುತಿಸುವ ಬೆಲ್ಟಿನ ಸೆನ್ಸರ್ ನಂಬಿ, ಕೋಡನ್ನಲ್ಲ. ಒಂದೇ ಸರಕಿನ ಎರಡು ಡಬ್ಬ ಬೆನ್ನಿಗೆ ಬೆನ್ನು ಬಂದರೆ ಎರಡರ ಕೋಡೂ ಒಂದೇ ತಾನೇ.

ಎಸ್‌ಡಿಕೆಗೆ ಇಟ್ಟ ದುಡ್ಡಲ್ಲಿ ಇನ್ನೊಂದು ಕ್ಯಾಮೆರಾ ಬರುವ ಹಾಗಿದ್ದರೆ ಅದನ್ನೇ ತಂದು ಲೇಬಲ್ ಜಾಸ್ತಿ ಬರುವ ಪಕ್ಕಕ್ಕೆ ಹಾಕಿ, ಆ ಕಡೆಯ ಕನ್ನಡಿ ಬಿಚ್ಚಿಬಿಡಿ.