ಕೈಗೆ ಸಿಕ್ಕವನು ತಪ್ಪಿಸಿಕೊಂಡಿದ್ದು ಹೇಗೆ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ಹಾಸನದವನು. ಹದಿನೇಳು ವರ್ಷದಿಂದ ಅಮೆರಿಕದ ಲೂಸಿಯಾನದಲ್ಲಿದ್ದೇನೆ. ಇಲ್ಲಿಗೆ ಬಂದಾಗಿನಿಂದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ನಮ್ಮ ಮನೆಯ ತಂಡ. ಆದರೆ ಅವರ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಪಡೆ) ನೋಡಿ ಹೊಟ್ಟೆ ಉರಿದ ದಿನಗಳೇ ಜಾಸ್ತಿ. 2011ರಲ್ಲಿ ಸಿಯಾಟಲ್‌ನಲ್ಲಿ ಒಬ್ಬನನ್ನು ಎಂಟೊಂಬತ್ತು ಜನ ಸೇರಿ ಕೆಡವಲು ಆಗಲಿಲ್ಲ. 2018ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಒಬ್ಬನನ್ನು ಮುಟ್ಟಲೂ ಆಗಲಿಲ್ಲ. ಕೋಟಿಗಟ್ಟಲೆ ಸಂಬಳ ತಗೊಳ್ಳುವವರಿಗೆ ಟ್ಯಾಕಲ್ ಮಾಡಲು, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವಲು, ಬರಲ್ಲ ಅಂದರೆ ಏನರ್ಥ? ಈಗ ಪ್ರಾಕ್ಟೀಸ್‌ನಲ್ಲಿ ಒಬ್ಬರನ್ನೊಬ್ಬರು ಕೆಡವುವುದೇ ಅಪರೂಪವಂತೆ. ಹಳೇ ಕಾಲದ ಹಾಗೆ ದಿನಾ ಗುದ್ದಾಡಿಸಿದರೆ ತಾನಾಗಿ ಸರಿಹೋಗುತ್ತಾರೆ ಅಂತ ನನಗನಿಸುತ್ತದೆ. ಅಂದ ಹಾಗೆ, ಹನ್ನೊಂದು ವರ್ಷದ ನನ್ನ ಮಗನೂ ಈ ವರ್ಷ ಫುಟ್‌ಬಾಲ್ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಬಂದ ದಿನ ರಾತ್ರಿಯೇ ಕೂತು ಆ ಎರಡೂ ಆಟಗಳನ್ನು ಮತ್ತೆ ನೋಡಿದೆ. ಒಂದೊಂದು ಕ್ಷಣವನ್ನೂ ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನೋಡಿದೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಾರಣ ನೀವು ಹೇಳಿದ್ದಲ್ಲ ಅಂತ ನನ್ನ ನಂಬಿಕೆ. ಯಾಕೆ ಅಂತ ವಿವರವಾಗಿಯೇ ಹೇಳುತ್ತೇನೆ. ಈ ಆಟ ಗೊತ್ತಿಲ್ಲದ ಓದುಗರೂ ಇದ್ದಾರೆ, ಅವರಿಗೂ ತಿಳಿಯುವ ಹಾಗೆ ಬರೆಯುತ್ತೇನೆ.

ಮೊದಲು ಸಿಯಾಟಲ್. 2011ರ ಜನವರಿ 8. ಸೇಂಟ್ಸ್ ಆಗ ಹಾಲಿ ಚಾಂಪಿಯನ್ನರು. ಎದುರಿಗಿದ್ದ ಸೀಹಾಕ್ಸ್ ಆ ವರ್ಷ ಗೆದ್ದಿದ್ದು 7, ಸೋತಿದ್ದು 9. ಹಾಗಿದ್ದೂ ಆಟ ಮುಗಿಯಲು ನಾಲ್ಕು ನಿಮಿಷವೂ ಇಲ್ಲದಾಗ ಸೀಹಾಕ್ಸ್ 34-30ರಿಂದ ಮುಂದಿತ್ತು. ಚೆಂಡು ಸೀಹಾಕ್ಸ್‌ನ ಮಾರ್ಷಾನ್ ಲಿಂಚ್ ಕೈಗೆ ಬಂತು. ಸೇಂಟ್ಸ್ ಡಿಫೆನ್ಸ್‌ನ ಸ್ಕಾಟ್ ಶಾನ್ಲಿ ಅವನನ್ನು ಶುರುವಿನಲ್ಲೇ ಎದುರಿಗೆ ಹಿಡಿದಿದ್ದ. ಲಿಂಚ್ ಕೊಡವಿಕೊಂಡು ಹೊರಬಂದ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಒಬ್ಬ ಕಾಲಿಗೆ ಕೈ ಹಾಕಿದ, ಒಬ್ಬ ಭುಜಕ್ಕೆ. ಓಡುತ್ತಾ ಬಂದ ಟ್ರೇಸಿ ಪೋರ್ಟರ್‌ನನ್ನು ಲಿಂಚ್ ಒಂದೇ ಕೈಯಲ್ಲಿ ದೂಡಿದ. ಪೋರ್ಟರ್ ಹೋಗಿ ನೆಲಕ್ಕೆ ಬಿದ್ದ. 67 ಯಾರ್ಡ್ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಲಿಂಚ್ ಟಚ್‌ಡೌನ್ ಹೊಡೆದ. ಜನ ಕುಣಿದ ರಭಸಕ್ಕೆ ಹತ್ತಿರದ ಭೂಕಂಪ ಮಾಪಕದಲ್ಲಿ ನಡುಕ ದಾಖಲಾಯಿತು. ಅದಕ್ಕೇ ಆ ಓಟಕ್ಕೆ ‘ಬೀಸ್ಟ್ ಕ್ವೇಕ್’ ಅಂತ ಹೆಸರು ಬಂತು. ಕೊನೆಗೆ ಸೀಹಾಕ್ಸ್ 41-36ರಿಂದ ಗೆದ್ದಿತು.

ಈ ಪೋರ್ಟರ್ ಯಾರು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬರೀ ಹನ್ನೊಂದು ತಿಂಗಳ ಹಿಂದೆ, 2010ರ ಫೆಬ್ರುವರಿ 7ರಂದು, ಸೀಸನ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಎದುರಾಳಿ ಪೇಟನ್ ಮ್ಯಾನಿಂಗ್ ಎಸೆದ ಚೆಂಡನ್ನು ನಡುವೆ ಕಿತ್ತುಕೊಂಡು 74 ಯಾರ್ಡ್ ಓಡಿ ನಿಮ್ಮ ಊರಿಗೆ ಕಪ್ ತಂದವನು ಅವನೇ. ಅವನಿಗೆ ಧೈರ್ಯ ಕಡಿಮೆಯಾಗಿತ್ತಾ? ಆಟ ಮರೆತುಹೋಗಿತ್ತಾ? ಎರಡೂ ಅಲ್ಲ. ಚಿತ್ರ ನಿಲ್ಲಿಸಿ ನೋಡಿ. ಪೋರ್ಟರ್ ನೆಟ್ಟಗೆ ನಿಂತ ಮೈಯಲ್ಲೇ ಹಿಡಿಯಲು ಹೋಗಿದ್ದಾನೆ. ಮೊಣಕಾಲು ಬಗ್ಗಿಲ್ಲ. ಕೈ ಮುಂದಿದೆ, ಕಾಲು ಹಿಂದಿದೆ. ಹಾಗೆ ನಿಂತವನನ್ನು ಹತ್ತಿರ ಹತ್ತಿರ ನೂರು ಕೆಜಿ ತೂಗುವವನು ದೂಡಿದರೆ ಬೀಳದೆ ಇನ್ನೇನಾಗುತ್ತದೆ?

ಟ್ಯಾಕಲ್ ಅಂದರೆ ಡಿಕ್ಕಿ ಹೊಡೆಯುವುದು ಅಂತ ನಾವು ಅಂದುಕೊಂಡಿದ್ದೇವೆ. ಟಿವಿಯಲ್ಲಿ ತೋರಿಸುವುದೂ ಅದನ್ನೇ, ಸದ್ದು ಸಮೇತ. ಆದರೆ ಕೋಚ್‌ಗಳು ಹೇಳಿಕೊಡುವುದು ಬೇರೆ. ಡಿಕ್ಕಿಗೆ ಮೊದಲು ಅರ್ಧದಷ್ಟು ಕೆಲಸ ಮುಗಿದಿರಬೇಕು. ಓಡುವವನು ಈಗ ಇರುವ ಜಾಗಕ್ಕೆ ಹೋಗಬಾರದು, ಅವನು ಇನ್ನು ಎರಡು ಹೆಜ್ಜೆಗೆ ಬರುವ ಜಾಗಕ್ಕೆ ಹೋಗಬೇಕು. ನಮ್ಮವರು ಎಲ್ಲಿದ್ದಾರೋ ಆ ಕಡೆಗೆ ಅವನು ತಿರುಗುವ ಹಾಗೆ ಇನ್ನೊಂದು ಕಡೆ ಮುಚ್ಚಬೇಕು. ಹತ್ತಿರ ಬಂದಾಗ ದಾಪುಗಾಲು ಬಿಟ್ಟು ಸಣ್ಣ ಸಣ್ಣ ಹೆಜ್ಜೆ ಹಾಕಬೇಕು, ಆಗ ಅವನು ಯಾವ ಕಡೆ ಹೊರಳಿದರೂ ನಾವೂ ಆ ಕಡೆ ಹೊರಳಬಹುದು. ಕಣ್ಣು ಅವನ ಸೊಂಟದ ಮೇಲೆ. ಆಮೇಲೆ ಭುಜ ತೊಡೆಗೆ, ಎರಡು ತೋಳೂ ಸುತ್ತ, ಕಾಲು ನಿಲ್ಲದೆ ದೂಡುತ್ತಲೇ ಇರಬೇಕು.

ಕಬಡ್ಡಿ ಆಡಿದವರಿಗೆ ಇದು ಹೊಸದಲ್ಲ. ನಮ್ಮೂರ ಶಾಲೆಯಲ್ಲಿ ಕಬಡ್ಡಿ ಕಲಿಸುತ್ತಿದ್ದ ಮೇಷ್ಟ್ರು ಒಂದೇ ಮಾತನ್ನು ನೂರು ಸಲ ಹೇಳುತ್ತಿದ್ದರು: “ಮುಖ ನೋಡಬೇಡ್ರೋ, ಕಾಲು ನೋಡ್ರೋ.” ರೈಡರ್ ಕಣ್ಣಲ್ಲಿ ಮೋಸ ಮಾಡಬಹುದು, ಕೈ ಬೀಸಿ ಮೋಸ ಮಾಡಬಹುದು. ಸೊಂಟ ಮತ್ತು ಕಾಲು ಹೋದ ಕಡೆಗೇ ಅವನೂ ಹೋಗಬೇಕಲ್ವಾ? ಫುಟ್‌ಬಾಲ್‌ನಲ್ಲೂ ಹಾಗೇ.

ಈಗ ಮಿನಿಯಾಪೊಲಿಸ್‌ಗೆ ಬರೋಣ. 2018ರ ಜನವರಿ 14. ಇದನ್ನು ನೋಡಿದರೆ ನನಗೆ ಸಿಟ್ಟು ಬರುವುದಿಲ್ಲ, ಕರುಳು ಚುರ್ ಅನ್ನುತ್ತದೆ. ಸೇಂಟ್ಸ್ 24-23ರಿಂದ ಮುಂದಿತ್ತು. ಎದುರಾಳಿ ವೈಕಿಂಗ್ಸ್‌ಗೆ ಉಳಿದಿದ್ದು ಹತ್ತು ಸೆಕೆಂಡು. ಗಡಿಯಾರ ನಿಲ್ಲಿಸಿಕೊಳ್ಳಲು ಟೈಮ್‌ಔಟ್ ಒಂದೂ ಇಲ್ಲ. ಅವರ ಕೇಸ್ ಕೀನಮ್ ಎಸೆದ ಚೆಂಡು ಮೈದಾನದ ಪಕ್ಕದ ಗೆರೆಯ ಹತ್ತಿರ ಎತ್ತರಕ್ಕೆ ಬಂತು. ಅದೇ ತಂಡದ ಸ್ಟೆಫಾನ್ ಡಿಗ್ಸ್ ಹಾರಿ ಹಿಡಿದ. ಅವನು ಮೈದಾನದ ಒಳಗೇ ಬಿದ್ದಿದ್ದರೆ ಗಡಿಯಾರ ಓಡಿ ಆಟ ಮುಗಿಯುತ್ತಿತ್ತು. ಸೇಂಟ್ಸ್ ಗೆಲ್ಲುತ್ತಿತ್ತು. ಹಿಂದೆ ಕಾವಲಿಗಿದ್ದ ಸೇಂಟ್ಸ್‌ನ ಮಾರ್ಕಸ್ ವಿಲಿಯಮ್ಸ್ ಪೂರ್ತಿ ವೇಗದಲ್ಲಿ ಓಡಿ ಬಂದ. ಕೊನೇ ಕ್ಷಣದಲ್ಲಿ ತಲೆ ತಗ್ಗಿಸಿ, ನೆಲ ನೋಡುತ್ತಾ ಕೆಳಗೆ ನುಗ್ಗಿದ. ಡಿಗ್ಸ್ ಇನ್ನೂ ಗಾಳಿಯಲ್ಲಿದ್ದ. ವಿಲಿಯಮ್ಸ್ ಅವನ ಕೆಳಗಿನಿಂದ ಹಾದುಹೋಗಿ ತನ್ನದೇ ತಂಡದ ಕೆನ್ ಕ್ರಾಲಿಯ ಕಾಲಿಗೆ ಬಿದ್ದ. ಹಿಡಿಯಬಹುದಾಗಿದ್ದ ಇಬ್ಬರೂ ಒಟ್ಟಿಗೆ ಉರುಳಿದರು. ಡಿಗ್ಸ್ ಒಂದು ಕೈ ನೆಲಕ್ಕೆ ಊರಿ ಸಾವರಿಸಿಕೊಂಡ, ತಿರುಗಿ ನೋಡಿದ, ಓಡಿದ. 61 ಯಾರ್ಡ್. 29-24.

ವಿಲಿಯಮ್ಸ್‌ಗೆ ಅದು ಮೊದಲ ವರ್ಷ. ಅದೇ ಆಟದಲ್ಲಿ ಕೀನಮ್ ಎಸೆದ ಒಂದು ಚೆಂಡನ್ನು ಕಿತ್ತುಕೊಂಡವನೂ ಅವನೇ. ಅದು ಯಾರಿಗೂ ನೆನಪಿಲ್ಲ. ಆಟ ಮುಗಿದ ಮೇಲೆ ಹುಡುಗ ಓಡಿಹೋಗಲಿಲ್ಲ. ಪತ್ರಕರ್ತರ ಮುಂದೆ ನಿಂತು ಉತ್ತರ ಕೊಟ್ಟ, ತಪ್ಪು ತನ್ನದು ಅಂತ ಒಪ್ಪಿಕೊಂಡ. ಸೇಂಟ್ಸ್ ಅವನನ್ನು ಕೈಬಿಡಲಿಲ್ಲ. ಮುಂದಿನ ವರ್ಷಗಳಲ್ಲೂ ಅವನನ್ನೇ ಆಡಿಸಿತು. ಅದು ಸರಿಯಾದ ತೀರ್ಮಾನ ಅಂತ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಅವನನ್ನು ಬೈಯುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಅವನು ಮಾಡಿದ ತಪ್ಪು ಎರಡು. ವೇಗ ತಗ್ಗಿಸಲಿಲ್ಲ, ಕಣ್ಣು ಮುಚ್ಚಿದ ಹಾಗೆ ತಲೆ ಬಗ್ಗಿಸಿದ. ಡಿಗ್ಸ್ ನೆಲಕ್ಕೆ ಇಳಿಯುವವರೆಗೆ ಅರ್ಧ ಸೆಕೆಂಡು ಕಾದು ನಿಂತಿದ್ದರೆ ಸಾಕಿತ್ತು. ಚೆಂಡು ಬರುವ ಮೊದಲೇ ಮೈಮೇಲೆ ಬಿದ್ದರೆ ದಂಡ ಬೀಳುತ್ತದೆ ಅನ್ನುವ ಹೆದರಿಕೆಯೂ ಆ ಜಾಗದಲ್ಲಿ ಯಾರಿಗಾದರೂ ಇರುತ್ತದೆ.

ಇನ್ನು ನಿಮ್ಮ ಮುಖ್ಯ ಮಾತು. ದಿನಾ ಗುದ್ದಾಡಿಸಿದರೆ ಸರಿಹೋಗುತ್ತಾರಾ?

ಒಂದು ತಾರೀಖು ನೋಡಿ. ಪ್ಯಾಡ್ ಹಾಕಿಕೊಂಡು ಮಾಡುವ ಪ್ರಾಕ್ಟೀಸ್‌ಗೆ ಗಟ್ಟಿಯಾದ ಮಿತಿ ಬಂದಿದ್ದು 2011ರ ಬೇಸಿಗೆಯಲ್ಲಿ, ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದದಲ್ಲಿ. ಇಡೀ ಸೀಸನ್‌ಗೆ 14 ಸಲ ಮಾತ್ರ ಅಂತ ಆಯಿತು. ಶಿಬಿರದಲ್ಲಿ ದಿನಕ್ಕೆ ಎರಡೆರಡು ಸಲ ಪ್ಯಾಡ್ ಹಾಕಿಸಿ ಗುದ್ದಾಡಿಸುವುದೂ ನಿಂತಿತು. ಲಿಂಚ್ ಓಡಿದ್ದು ಅದೇ ವರ್ಷದ ಜನವರಿಯಲ್ಲಿ, ಅಂದರೆ ಮಿತಿ ಬರುವ ಮೊದಲು. ನೀವು ಬಯಸುವ ಹಳೇ ಕಾಲದ ಪ್ರಾಕ್ಟೀಸ್‌ನಲ್ಲಿ ಪಳಗಿದವರೇ ಅವತ್ತು ಒಬ್ಬರ ಹಿಂದೊಬ್ಬರು ತಪ್ಪಿದ್ದು.

ಕೋಚ್‌ಗಳು ದೂರುತ್ತಾರೆ, ನಿಜ. ಪ್ರಾಕ್ಟೀಸ್ ಕಡಿಮೆಯಾಗಿದೆ, ಸೀಸನ್‌ನ ಮೊದಲ ವಾರಗಳಲ್ಲಿ ಟ್ಯಾಕಲ್ ಒರಟಾಗಿರುತ್ತದೆ ಅಂತಾರೆ. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆಟದ ರೀತಿಯೂ ಬದಲಾಗಿದೆ. ಈಗ ಚೆಂಡನ್ನು ಮೈದಾನದ ಉದ್ದಗಲಕ್ಕೂ ಹರಡುತ್ತಾರೆ. ಮೊದಲು ಮೂರು ಜನ ಸೇರಿ ಹಿಡಿಯುತ್ತಿದ್ದವನನ್ನು ಈಗ ಬಯಲಲ್ಲಿ ಒಬ್ಬನೇ ಹಿಡಿಯಬೇಕು. ಜೊತೆಗೆ, ಚೆಂಡನ್ನು ಗುದ್ದಿ ಬೀಳಿಸುವ ಆಸೆ. ಷಿಕಾಗೋದ ಚಾರ್ಲ್ಸ್ ಟಿಲ್ಮನ್ ಅದನ್ನು ಒಂದು ವಿದ್ಯೆಯ ಹಾಗೆ ಬೆಳೆಸಿದ. ಎಲ್ಲರಿಗೂ ಟಿಲ್ಮನ್ ಆಗಬೇಕು. ಚೆಂಡಿಗೆ ಕೈ ಬೀಸಿದವನ ತೋಳು ಓಡುವವನ ಸೊಂಟ ಸುತ್ತುವುದಿಲ್ಲ.

ಆದರೆ ಗುದ್ದಾಡಿಸುವುದಕ್ಕೆ ಬೆಲೆ ಕೊಡುವುದು ಮನುಷ್ಯರ ಮಿದುಳು. ಪ್ರತಿ ಸಲ ತಲೆಗೆ ಪೆಟ್ಟು ಬಿದ್ದಾಗ ಮೂರ್ಛೆ ಹೋಗಬೇಕಂತಿಲ್ಲ. ಸಣ್ಣ ಪೆಟ್ಟುಗಳೂ ವರ್ಷಗಟ್ಟಲೆ ಸೇರುತ್ತಾ ಹೋಗುತ್ತವೆ. ನಿವೃತ್ತರಾದ ಎಷ್ಟೋ ಆಟಗಾರರ ಮಿದುಳಿನಲ್ಲಿ, ಅವರು ತೀರಿಹೋದ ಮೇಲೆ, ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ಮಿದುಳು ಸವೆಯುವ ಸಿಟಿಇ ಅನ್ನುವ ಕಾಯಿಲೆ ಕಂಡುಬಂದಿದೆ. ಮರೆವು, ಸಿಟ್ಟು, ಖಿನ್ನತೆಯಲ್ಲಿ ನರಳಿದ ಮನೆಗಳಿವೆ. ಭಾನುವಾರದ ಮೂರು ಗಂಟೆ ನನಗೆ ಚೆನ್ನಾಗಿ ಕಾಣಲಿ ಅಂತ ಬುಧವಾರವೂ ಅವರ ತಲೆ ಬಡಿಸಿ ಅಂತ ಕೇಳಲು ನನಗೆ ಮನಸ್ಸಿಲ್ಲ.

ಬಡಿಸದೆಯೂ ಕಲಿಸಬಹುದು. ಇದು ಸುಮ್ನೆ ಹೇಳುವ ಮಾತಲ್ಲ. ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡಿ ಟೀವನ್ಸ್ 2010ರಲ್ಲಿ ಪ್ರಾಕ್ಟೀಸ್‌ನಲ್ಲಿ ಹುಡುಗರು ಹುಡುಗರನ್ನು ಕೆಡವುವುದನ್ನೇ ನಿಲ್ಲಿಸಿಬಿಟ್ಟರು. ಅಷ್ಟೂ ಟ್ಯಾಕಲ್ ದಿಂಬಿನ ಮೇಲೆ, ಮೂಟೆಯ ಮೇಲೆ. ಆಮೇಲೆ ಆ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಾಲಿ ಮೇಲೆ ಓಡಾಡುವ, ರಿಮೋಟ್‌ನಲ್ಲಿ ತಿರುಗುವ ಒಂದು ಬೊಂಬೆ ಮಾಡಿಕೊಟ್ಟರು. ಅದು ಮನುಷ್ಯನ ಹಾಗೆ ಓಡುತ್ತದೆ, ಕೆಡವಿದರೆ ತಾನೇ ಎದ್ದು ನಿಲ್ಲುತ್ತದೆ. ಟೀವನ್ಸ್‌ಗೆ ಹುಚ್ಚು ಅಂದವರಿದ್ದರು. ಆಟದ ದಿನ ತಪ್ಪುವ ಟ್ಯಾಕಲ್‌ಗಳು ಜಾಸ್ತಿಯಾಗುವ ಬದಲು ಕಡಿಮೆಯಾದವು. 2015ರಲ್ಲಿ ಡಾರ್ಟ್‌ಮತ್ ತಾನು ಆಡುವ ಕಾಲೇಜು ಕೂಟವಾದ ಐವಿ ಲೀಗ್‌ನ ಪ್ರಶಸ್ತಿ ಹಂಚಿಕೊಂಡಿತು. ಮರುವರ್ಷ ಇಡೀ ಐವಿ ಲೀಗ್ ಸೀಸನ್ ನಡುವಿನ ಪ್ರಾಕ್ಟೀಸ್‌ನಲ್ಲಿ ಕೆಡವುವುದನ್ನು ಬಿಟ್ಟಿತು. ಟೀವನ್ಸ್ 2023ರಲ್ಲಿ ತೀರಿಕೊಂಡರು. ಅವರ ಮೇಲೆ ನನಗೆ ತುಂಬ ಗೌರವ.

ಇನ್ನೊಂದು ಉದಾಹರಣೆ ಸಿಯಾಟಲ್‌ನಲ್ಲೇ ಇದೆ. ಅದೇ ಸೀಹಾಕ್ಸ್‌ನ ಆಗಿನ ಕೋಚ್ ಪೀಟ್ ಕ್ಯಾರಲ್ ರಗ್ಬಿಯಿಂದ ಕಲಿತರು. ರಗ್ಬಿಯವರಿಗೆ ಹೆಲ್ಮೆಟ್ ಇಲ್ಲ. ತಲೆಯಿಂದ ಗುದ್ದಿದರೆ ಪೆಟ್ಟು ತಮಗೇ. ಅದಕ್ಕೇ ಅವರು ತಲೆಯನ್ನು ಪಕ್ಕಕ್ಕೆ ಇಟ್ಟು, ಭುಜವನ್ನು ತೊಡೆಗೆ ಒತ್ತಿ, ಕಾಲು ಸುತ್ತಿ ಉರುಳಿಸುತ್ತಾರೆ. 2014ರ ಫೆಬ್ರುವರಿ 2ರ ಸೂಪರ್ ಬೌಲ್ ನೆನಪಿದೆಯಾ? ಸೀಹಾಕ್ಸ್‌ಗೆ ಎದುರಾಗಿದ್ದ ಡೆನ್ವರ್ ಆ ಸೀಸನ್‌ನಲ್ಲಿ 606 ಪಾಯಿಂಟ್ ಗಳಿಸಿ ದಾಖಲೆ ಮಾಡಿತ್ತು. ಅವತ್ತು ಡೆನ್ವರ್‌ನ ಡೆಮರಿಯಸ್ ಥಾಮಸ್ 13 ಸಲ ಚೆಂಡು ಹಿಡಿದ, ಅದೂ ಆಗಿನ ದಾಖಲೆ. ಹಿಡಿದ ಜಾಗದಿಂದ ಮುಂದಕ್ಕೆ ಓಡಲು ಸೀಹಾಕ್ಸ್ ಬಿಟ್ಟರೆ ತಾನೇ? ಸೀಹಾಕ್ಸ್ 43-8ರಿಂದ ಗೆದ್ದಿತು. ಕ್ಯಾರಲ್ ತಮ್ಮ ವಿಧಾನವನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಅದೇ ವರ್ಷ ವಿಡಿಯೊ ಮಾಡಿ ಶಾಲೆಯ ಕೋಚ್‌ಗಳೂ ಕಲಿಯಲಿ ಅಂತ ಹೊರಗೆ ಬಿಟ್ಟರು.

ನಿಯಮಗಳೂ ಅದೇ ದಾರಿಗೆ ಬರುತ್ತಿವೆ. 2018ರಿಂದ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದಿದರೆ ದಂಡ. 2024ರಲ್ಲಿ ‘ಹಿಪ್ ಡ್ರಾಪ್’ ಟ್ಯಾಕಲ್ ನಿಷೇಧವಾಯಿತು. ಹಿಂದಿನಿಂದ ಹಿಡಿದು, ಸೊಂಟ ತಿರುಗಿಸಿ, ತನ್ನ ಇಡೀ ಭಾರವನ್ನು ಓಡುವವನ ಕಾಲಿನ ಮೇಲೆ ಕೆಡವುವುದು ಅದು. ಕಾಲು ಮಡಚಿಕೊಂಡು ಮುರಿಯಬಹುದು. ಹೀಗೆಲ್ಲ ಕಟ್ಟಿಹಾಕಿದರೆ ಡಿಫೆಂಡರ್ ಏನು ಮಾಡಬೇಕು ಅಂತ ಕೇಳುವವರಿದ್ದಾರೆ.

ಅವರಿಗೆ, ನಿಮಗೂ, ನಾನು ತೋರಿಸುವುದು 2000ದ ಜನವರಿ 30ರ ಒಂದು ಟ್ಯಾಕಲ್. ಅಟ್ಲಾಂಟಾದಲ್ಲಿ ಸೂಪರ್ ಬೌಲ್. ರಾಮ್ಸ್ 23, ಟೈಟನ್ಸ್ 16. ಆರು ಸೆಕೆಂಡು ಉಳಿದಿದೆ, ಗುರಿ ಹತ್ತು ಯಾರ್ಡ್ ದೂರ. ಟೈಟನ್ಸ್‌ನ ಕೆವಿನ್ ಡೈಸನ್ ಚೆಂಡು ಹಿಡಿದು ಒಳಗೆ ತಿರುಗಿದ. ರಾಮ್ಸ್‌ನ ಮೈಕ್ ಜೋನ್ಸ್ ಬೇರೆಯವನ ಹಿಂದೆ ಓಡುತ್ತಿದ್ದವನು ಓರೆಗಣ್ಣಲ್ಲಿ ಇದನ್ನು ಕಂಡ. ತಿರುಗಿ ಬಂದ. ಗುದ್ದಲಿಲ್ಲ. ಅಡ್ಡ ಬಂದು ಕಾಲಿಗೆ ತೋಳು ಸುತ್ತಿದ, ಬಿಡಲಿಲ್ಲ. ಡೈಸನ್ ಬೀಳುತ್ತಾ ಚೆಂಡಿದ್ದ ಕೈಯನ್ನು ಗೆರೆಯ ಕಡೆ ಚಾಚಿದ. ಒಂದು ಯಾರ್ಡ್ ಕಡಿಮೆ ಬಿತ್ತು. ಅದರಲ್ಲಿ ಸದ್ದಿಲ್ಲ, ಹಾರುವ ಹೆಲ್ಮೆಟ್ ಇಲ್ಲ, ಇಬ್ಬರೂ ಎದ್ದು ನಡೆದರು. ನಾನು ನೋಡಿದ ಟ್ಯಾಕಲ್‌ಗಳಲ್ಲಿ ಅತಿ ಚೆಂದದ್ದು ಅದು.

ಕೊನೆಗೆ ನಿಮ್ಮ ಮಗನ ವಿಷಯ. ಪತ್ರದಲ್ಲಿ ನೀವು ಒಂದೇ ಸಾಲು ಬರೆದಿದ್ದೀರಿ, ನನ್ನ ಮನಸ್ಸಿನಲ್ಲಿ ಉಳಿದಿದ್ದು ಅದೇ. ಆಡಬೇಡ ಅನ್ನಬೇಡಿ. ಮೊದಲ ಎರಡು ಮೂರು ವರ್ಷ ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಅದು ಇರುತ್ತದೆ, ಹಾಗಾಗಿ ಚಿಕ್ಕ ಮಕ್ಕಳ ಆಟ ಅಂತ ಅವನು ಮುಖ ಸಿಂಡರಿಸುವಂತಿಲ್ಲ. ಅಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿ ಕಿತ್ತರೆ ಆಯಿತು. ಆ ಪಟ್ಟಿ ಕೀಳಬೇಕಾದರೆ ಅವನು ಅಡ್ಡ ಓಡಬೇಕು, ಹತ್ತಿರ ಬಂದು ಹೆಜ್ಜೆ ಸಣ್ಣದು ಮಾಡಬೇಕು, ಸೊಂಟ ನೋಡಬೇಕು. ಪೋರ್ಟರ್ ಮತ್ತು ವಿಲಿಯಮ್ಸ್ ಆ ಒಂದೊಂದು ಕ್ಷಣದಲ್ಲಿ ಮರೆತದ್ದು ಇಷ್ಟನ್ನೇ.

ಆಮೇಲೆ ಟ್ಯಾಕಲ್ ಫುಟ್‌ಬಾಲ್‌ಗೆ ಹೋಗುವ ದಿನ ಬಂದರೆ, ಕೋಚ್ ಹತ್ತಿರ ಎರಡು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಹೊತ್ತು ಮಕ್ಕಳನ್ನು ನಿಜವಾಗಿ ಕೆಡವಿಸುತ್ತೀರಿ? ತಲೆ ಎಲ್ಲಿಡಲು ಹೇಳಿಕೊಡುತ್ತೀರಿ? ಉತ್ತರ ಸರಿ ಅನಿಸದಿದ್ದರೆ ಬೇರೆ ತಂಡ ಹುಡುಕಿ. ಅವನ ಮೊದಲ ಮ್ಯಾಚ್ ಆದ ಮೇಲೆ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ