ಹೀಟರ್ ರಾಡನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬಹುದಾ?
1500 ವ್ಯಾಟಿನ ನೀರು ಕಾಯಿಸುವ ರಾಡನ್ನು 6 ಆಂಪ್ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕ್ತೀವಿ, ಪ್ಲಗ್ ಸ್ವಲ್ಪ ಬಿಸಿಯಾಗುತ್ತೆ, ಪರವಾಗಿಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. 1500ನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 6.5 ಆಂಪ್. ಮಿತಿ ದಾಟಿದ್ದು ಸ್ವಲ್ಪವೇ, ನಿಜ. ಆದರೆ ರಾಡು ನೀರು ಕಾಯುವವರೆಗೂ ಬಿಡದೆ ಅಷ್ಟನ್ನೂ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಸಡಿಲಾಗುತ್ತದೆ, ಸಡಿಲಾದಷ್ಟೂ ಬಿಸಿ ಇನ್ನೂ ಜಾಸ್ತಿ. ಪ್ಲಗ್ ಕಿತ್ತು ಪಿನ್ನಿನ ಬುಡ ನೋಡಿ. ಕಪ್ಪಾಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಇದ್ದರೆ, ಆ ಬೋರ್ಡನ್ನು ಎಸೆದುಬಿಡಿ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಕಾಪಾಡುತ್ತದೆ ಅಂತ ಸುಮ್ನೆ ಕೂರಬೇಡಿ. ಅದು 16 ಆಂಪಿನದಾದರೆ 6.5ಕ್ಕೆ ಬೀಳುವುದೇ ಇಲ್ಲ. ಅರ್ಥಿಂಗ್ ಇರುವ 16 ಆಂಪ್ ಗೋಡೆ ಸಾಕೆಟ್ಟಿಗೇ ರಾಡನ್ನು ಹಾಕಿ. ಇನ್ನು, ನೀರು ಕಾದಿದೆಯಾ ಅಂತ ಬೆರಳು ಅದ್ದುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನೂ ತೆಗೆಯಿರಿ.